ಹತ್ತಾಳು ಬಾವಿ, ಮುಂಬೈ ಗಾಳಿ

ಕಾಕಾ ಬಾವಿಗಿಳಿದಾಗಲೆಲ್ಲ ಕಾಕು ದಂಡೆಯ ಮೇಲೆ ನಿಂತು ತಾನೂ ಉಸಿರು ಹಿಡಿಯುತ್ತಿದ್ದಳು. ನಾನು ಇದನ್ನು ಮೊದಲು ಗಮನಿಸಿದ್ದು ಎಂಟನೆಯ ತರಗತಿಯ ಬೇಸಿಗೆ ರಜೆಯಲ್ಲಿ. ಡೈರಿ ಬರೆಯಲು ಶುರು ಮಾಡಿದ್ದೂ ಅದೇ ರಜೆಯಲ್ಲಿ.

ಕಾಕಾ ನಮ್ಮಪ್ಪನ ತಮ್ಮ. ಕಮಲಾಪುರದಲ್ಲಿ ಅವನದು ಕೆಂಪು ಬಾಳೆಯ ತೋಟ. ತೋಟದ ಜೊತೆಗೆ ಅವನಿಗೆ ಇನ್ನೊಂದು ಕೆಲಸವಿತ್ತು, ಆದರೆ ಅದನ್ನು ಯಾರೂ ಕೆಲಸ ಎಂದು ಕರೆಯುತ್ತಿರಲಿಲ್ಲ. ಸುತ್ತಲಿನ ಬಾವಿಗಳಲ್ಲಿ ಏನೇ ಬಿದ್ದರೂ, ಏನೇ ಸಿಕ್ಕಿಕೊಂಡರೂ ಜನ ಅವನನ್ನು ಕರೆಯಲು ಬರುತ್ತಿದ್ದರು. ಕೊಡ, ಹಗ್ಗ, ಒಮ್ಮೆ ಯಾರದೋ ಮನೆಯ ಬೀಗದ ಕೈಗೊಂಚಲು. ಹೆಚ್ಚಿನ ಸಲ ಫುಟ್‌ವಾಲ್. ಮೋಟರಿನ ಪೈಪಿನ ಕೆಳತುದಿಯಲ್ಲಿ, ನೀರಿನೊಳಗೆ ಇರುವ ಜರಡಿಯಂಥ ಭಾಗ ಅದು. ಅದಕ್ಕೆ ಎಲೆಯೋ ಅರಿವೆಯ ಚೂರೋ ಕಚ್ಚಿಕೊಂಡರೆ ಮೋಟರು ಬರೀ ಕೂಗುತ್ತದೆ, ನೀರು ಎಳೆಯುವುದಿಲ್ಲ. ಯಾರಾದರೂ ಮುಳುಗಿ ಬಿಡಿಸಬೇಕು. ಕಾಕಾ ಅಂಗಿ ಕಳಚಿ, ಒಂದು ಕಲ್ಲನ್ನು ಎದೆಗೆ ಅವಚಿಕೊಂಡು, ಕಾಕುವಿನ ಕಡೆ ನೋಡಿ "ಬರ್ತೀನಿ" ಎಂದು ಇಳಿದುಬಿಡುತ್ತಿದ್ದ.

ನಾನು ಕೈಗಡಿಯಾರ ನೋಡುತ್ತ ಹೊತ್ತು ಬರೆದುಕೊಳ್ಳುತ್ತಿದ್ದೆ. ಕಾಕುವಿಗೆ ಗಡಿಯಾರ ಬೇಕಿರಲಿಲ್ಲ.

"ನೀ ಯಾಕ ದಮ್ ಹಿಡೀತಿ ಕಾಕು? ಇಳಿದಾಂವ ಕಾಕಾ," ಎಂದು ನಾನು ಕೇಳಿದ್ದೆ.

"ನಾ ಎಲ್ಲಿ ಹಿಡೀತೀನವ್ವಾ, ಅದು ತಾನೇ ನಿಂದರ್ತದ," ಎಂದಳು. "ನನ್ನ ಎರಡು ದಮ್ಮಿಗಿ ನಿಮ್ಮ ಕಾಕಾಂದು ಒಂದು. ನಾ ಮೂರನೇದು ತಗೊಳ್ಳೋದ್ರಾಗ ಮ್ಯಾಲ ಬಂದಿರ್ಬೇಕು. ಬರ್ತಾನ."

ದಮ್ ಎಂದರೆ ನಮ್ಮ ಕಡೆ ಉಸಿರು. ದಮ್ ಹಿಡಿ ಎಂದರೆ ಉಸಿರು ಹಿಡಿ ಎಂದೂ ಆಗುತ್ತದೆ, ಗಡಬಡ ಮಾಡಬೇಡ, ಸ್ವಲ್ಪ ತಡಿ ಎಂದೂ ಆಗುತ್ತದೆ. ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಅಡುಗೆಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು. ಮುಂದೆ ಈ ಮಾತನ್ನೇ ನಾವೆಲ್ಲ ಕಾಕಾನಿಗೆ ಒಂದು ವರ್ಷ ಹೇಳಿದೆವು.

೨೦೦೧ರ ಕಾರ್ತಿಕದಲ್ಲಿ ಬೇರೆಯವರ ಬಾವಿಯೊಂದರಲ್ಲಿ ಅವನು ಮುಳುಗಿದಾಗ ನಾನು ಅಲ್ಲಿರಲಿಲ್ಲ. ಕಾಕು ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಒಳಗೆ ಕುಸಿದಿದ್ದ ಕಲ್ಲಿನ ಅಡಿಯಲ್ಲಿ ಫುಟ್‌ವಾಲ್ ಸಿಕ್ಕಿಕೊಂಡಿತ್ತಂತೆ. ಕಾಕು ಮೂರನೆಯ ಉಸಿರು ತೆಗೆದುಕೊಂಡಳು, ನಾಲ್ಕನೆಯದೂ ತೆಗೆದುಕೊಂಡಳು. ಐದನೆಯದಕ್ಕೆ ಬಾಯಿ ತೆರೆದಾಗ ಅವಳಿಂದ ಕೂಗು ಹೊರಬಿತ್ತು. ಆಮೇಲೆ ಕಾಕಾ ಮೇಲೆ ಬಂದ. ಮೂಗಿನಿಂದ ರಕ್ತ. ಮೆಟ್ಟಿಲ ಮೇಲೆ ಕುಳಿತು, ಮನೆ ಯಾವ ಕಡೆ ಎಂದು ಕೇಳಿದನಂತೆ.

ಆ ರಾತ್ರಿ ಕಾಕು ಅವನ ಬಲಗೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು, "ಇನ್ನ ಮ್ಯಾಲ ದಮ್ ಹಿಡದು ನೀರಿಗಿ ಇಳದ್ರ ನನ್ನ ಮ್ಯಾಲ ಆಣಿ," ಎಂದಳು.

ಕಾಕಾ ಆಣೆಗೆ ಅಂಜುವವನು. ಇಳಿಯುವುದನ್ನು ನಿಲ್ಲಿಸಿಬಿಟ್ಟ. ಜನ ಕರೆಯಲು ಬಂದರೆ ಜೊತೆಗೆ ಹೋಗುತ್ತಿದ್ದ, ದಂಡೆಯ ಮೇಲೆ ಕುಳಿತು ಬೇರೆ ಹುಡುಗರಿಗೆ ದಾರಿ ಹೇಳುತ್ತಿದ್ದ. "ಎಡಕ್ಕೆ, ಎಡಕ್ಕೆ, ಕಲ್ಲಿಗಿ ಕಾಲು ಹಚ್ಚು" ಎನ್ನುತ್ತಿದ್ದ. ಅವರು ಬರಿಗೈಯಲ್ಲಿ ಮೇಲೆ ಬಂದರೆ ನೀರನ್ನೇ ನೋಡುತ್ತ ಸುಮ್ಮನೆ ಕೂರುತ್ತಿದ್ದ.

ಮರು ಸಂಕ್ರಾಂತಿಗೆ ಇಬ್ಬರೂ ಕಲಬುರಗಿಗೆ, ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಬಂದರು. ಊಟ ಮುಗಿಸಿ ಎಲ್ಲರೂ ಟೀವಿ ಮುಂದೆ ಕುಳಿತಿದ್ದೆವು. ಯಾವುದೋ ಚಾನಲ್ಲಿನಲ್ಲಿ ಸಮುದ್ರದ ತಳ ತೋರಿಸುತ್ತಿದ್ದರು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಒಬ್ಬ ಮನುಷ್ಯ ಉಸುಕಿನ ಮೇಲೆ ಮಂಡಿ ಮಡಚಿ ಕುಳಿತು ಒಂದು ಮೀನನ್ನು ನೋಡುತ್ತಿದ್ದ. ಬಾಯಲ್ಲಿ ನಳಿಗೆ, ಅದರ ಬದಿಯಿಂದ ಗುಳ್ಳೆಗಳು.

ಕಾಕಾ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ. "ಅಂವ ಏನ್ ನೀರಾಗ ಕುಂತು ಹುಕ್ಕಾ ಸೇದಾಕತ್ತಾನೇನು?"

"ಗಾಳಿ, ಕಾಕಾ. ಸಿಲಿಂಡರಿನ ಗಾಳಿ. ದಮ್ ಹಿಡಿಯೋದೇ ಬೇಡ," ಎಂದೆ.

"ಕುಂತಾನ ನೋಡು," ಎಂದ ಕಾಕಾ. ಅವನಿಗೆ ಮೀನು ಕಂಡಿರಲಿಲ್ಲ. "ಹ್ಯಾಂಗ ಕುಂತಾನ ನೋಡು, ಮನಿ ಪಡಸಾಲ್ಯಾಗ ಕುಂತಂಗ."

ಅವತ್ತು ಅವನು ಹೇಳಿದ್ದನ್ನು ಡೈರಿಯಲ್ಲಿ ಅವನ ಮಾತಿನಲ್ಲೇ ಬರೆದಿದ್ದೇನೆ. "ಮೂವತ್ತು ವರ್ಷ ತಳ ಮುಟ್ಟೀನಿ. ಕುಂತಿಲ್ಲ." ನಮ್ಮ ತೋಟದ ಬಾವಿಯನ್ನು ತೋಡಿಸಿದವನು ನಮ್ಮಜ್ಜ. ಅದರ ತಳದಲ್ಲಿ, ಮೂಡಣ ಮೂಲೆಯಲ್ಲಿ, ಬಂಡೆಯ ಸೀಳಿನಿಂದ ಸೆಲೆ ಬರುತ್ತದೆ. ಬಾವಿಗೆ ನೀರು ಹೊಮ್ಮುವ ಜಾಗ ಅದು, ಸೆಲಿ ಕಣ್ಣು ಎನ್ನುತ್ತಾರೆ. ತೋಡುವಾಗ ಅಜ್ಜ ಅದನ್ನು ಕಂಡಿದ್ದ. ನೀರು ಬರುವ ರಭಸಕ್ಕೆ ಅಲ್ಲಿಯ ಉಸುಕು ಅನ್ನ ಕುದ್ದ ಹಾಗೆ ಕುದಿಯುತ್ತಿತ್ತು, ಒಂದೊಂದೇ ಗುಳ್ಳೆ ಎದ್ದು ಬರುತ್ತಿತ್ತು ಎಂದು ಮಕ್ಕಳಿಗೆ ಹೇಳುತ್ತಿದ್ದನಂತೆ. ಆಮೇಲೆ ಬಾವಿ ತುಂಬಿತು, ಅದನ್ನು ಮತ್ತೆ ಯಾರೂ ನೋಡಲಿಲ್ಲ. ಕಾಕಾನ ಕೈಗೆ ಅದರ ತಂಪು ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ಮುಳುಗಿದವನಿಗೆ ಮೇಲೆ ಬರುವ ಅವಸರವೇ ಇರುತ್ತದಲ್ಲ.

ಕಾಕು ಟೀವಿಯನ್ನೇ ನೋಡುತ್ತಿದ್ದಳು. "ಹಂತಾದು ಹಾಕ್ಕೊಂಡ್ರ ಇಳೀರಿ," ಎಂದಳು. "ನಾ ಹಾಕ್ಸಿದ ಆಣಿ ದಮ್ ಹಿಡಿಯೋದಕ್ಕ. ನೀರಿಗಲ್ಲ."

ಹೀಗೆ ನಮ್ಮ ಮನೆಯಲ್ಲಿ ಆ ಹುಡುಕಾಟ ಶುರುವಾಯಿತು. ಕಾಕುವಿನ ತಮ್ಮ ಮುಂಬೈಯಲ್ಲಿ ಹಡಗುಕಟ್ಟೆಯ ಹತ್ತಿರ ಫಿಟ್ಟರ್ ಆಗಿದ್ದ. ಚಿಕ್ಕಂದಿನಲ್ಲೇ ಅಲ್ಲಿ ಸೇರಿದವನು. ನಾನು ಅವನನ್ನು ಮಾಮಾ ಎನ್ನುತ್ತೇನೆ. ಹಳೆಯ ಮುಳುಗು ಸಾಮಾನುಗಳನ್ನು ರಿಪೇರಿ ಮಾಡಿ ಮಾರುವ ಒಂದು ಅಂಗಡಿ ಅವನಿಗೆ ಗೊತ್ತಿತ್ತು. ಮುಂದಿನ ಭಾನುವಾರ ಫೋನು ಮಾಡಿ, "ಸಿಲಿಂಡರ್ ಸಿಗ್ತದ, ಟೆಸ್ಟ್ ಆಗಿದ್ದೇ ಕೊಡ್ತಾನ. ಅದ್ರ ಚಿಂತಿ ಬ್ಯಾಡ. ನೋಡಿ ಆರಿಸ್ಬೇಕಾದ್ದು ರೆಗ್ಯುಲೇಟರ್," ಎಂದ.

ನಮ್ಮವ್ವನಿಗೆ ಇದು ತಿಳಿಯಲೇ ಇಲ್ಲ. "ರೆಗ್ಯುಲೇಟರಿಗಿ ಮುಂಬೈ ತನಕ ಯಾಕ? ಗ್ಯಾಸಿನವ್ರಿಗಿ ಹೇಳಿದ್ರ ನಾಳಿ ತಂದು ಕೊಡ್ತಾರ," ಎಂದಳು. ಪಕ್ಕದ ಮನೆಯವರು ಫ್ಯಾನಿನದು ಕೆಟ್ಟಿದೆ ಎಂದುಕೊಂಡರು. ಮೂರನೆಯ ದಿನ ಕಾಕಾ ಕಮಲಾಪುರದಿಂದ ಫೋನು ಮಾಡಿ, ತನ್ನ ದೋಸ್ತ ವೆಲ್ಡಿಂಗ್ ಅಂಗಡಿಯವನ ಬಳಿ ಎರಡು ರೆಗ್ಯುಲೇಟರ್ ಇವೆ, ಆಗ್ತದೇನು ಕೇಳು ಎಂದ. ಆಗುವುದಿಲ್ಲ, ಅದನ್ನು ಬಾಯಿಗೆ ಹಚ್ಚಿದರೆ ಜೀವಕ್ಕೇ ಕುತ್ತು ಬರುತ್ತದೆ ಎಂದು ಮಾಮಾ ಅಲ್ಲಿಂದ ಚೀರಿದ.

ನಾನು ಜಗತ್ ಸರ್ಕಲ್ ಹತ್ತಿರದ ಸೈಬರ್ ಕೆಫೆಗೆ ಹೋಗಿ ಕುಳಿತೆ. ಸುತ್ತ ಎಲ್ಲ ಹುಡುಗರು ಪರೀಕ್ಷೆಯ ಫಲಿತಾಂಶವನ್ನೋ ಸಿನಿಮಾ ನಟಿಯರ ಚಿತ್ರವನ್ನೋ ನೋಡುತ್ತಿದ್ದರೆ ನನ್ನ ಪರದೆಯ ಮೇಲೆ ಹಿತ್ತಾಳೆ ತುಂಡುಗಳು. ಚಿತ್ರಗಳನ್ನು ಪ್ರಿಂಟ್ ತೆಗೆಸಿ ತಂದು ಅಪ್ಪನ ಮುಂದೆ ಹರಡಿದೆ. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬಿಡಿಸುತ್ತಿದ್ದ. ಚಿತ್ರ ಕಂಡರೆ ಅವನಿಗೆ ಎಲ್ಲವೂ ತಿಳಿಯುತ್ತಿತ್ತು. ಎರಡು ಸಂಜೆ ನೋಡಿ, ಅವ್ವನಿಗೆ ತಿಳಿಯುವ ಹಾಗೆ ಹೇಳಿದ.

"ಸಿಲಿಂಡರ್ ಅಂದ್ರ ಊರಿನ ದೊಡ್ಡ ಟಾಕಿ ಅಂತ ತಿಳ್ಕೋ. ಅದ್ರ ಜೋರು ನೇರ ನಮ್ಮ ಮನಿಗಿ ಬಿಟ್ರ ನಳ ಒಡದು ಹೋಗ್ತದ. ಅದಕ್ಕ ನಡುವ ವಾಲ್ವ್‌ಮನ್ ಇರ್ತಾನ. ಇದು, ಸಿಲಿಂಡರಿನ ಕುತ್ತಿಗಿಗಿ ಕೂಡೋದು, ಆ ವಾಲ್ವ್‌ಮನ್. ಜೋರು ಇಳಸ್ತಾನ. ಆಮ್ಯಾಲ ಈ ನಳಿಗಿ. ಕಡೀಕ ಬಾಯಾಗ ಇರೋದು ನಮ್ಮ ಮನಿ ನಳ. ಎಳಕೊಂಡಾಗಷ್ಟ ಗಾಳಿ ಬಿಡ್ತದ, ಬಿಟ್ಟಾಗ ಬಂದ್ ಆಗ್ತದ."

"ನಮ್ಮ ವಾಲ್ವ್‌ಮನ್ ಇದ್ದಂಗ ಇದ್ರ ಆತು," ಎಂದಳು ಅವ್ವ. "ವಾರಕ್ಕೊಮ್ಮೆ ದಮ್ ಬಿಡ್ತಾನ."

ಅಪ್ಪ ನಕ್ಕು ಕನ್ನಡಕ ತೆಗೆದಿಟ್ಟದ್ದು ನೆನಪಿದೆ. ಆ ದಿನಗಳಲ್ಲಿ ನಾವೆಲ್ಲ ಬಹಳ ಉತ್ಸಾಹದಲ್ಲಿದ್ದೆವು.

ಅಂಗಡಿಯವನು ಮಾಮಾನಿಗೆ ಎರಡನ್ನು ತೋರಿಸಿದ್ದ. ಒಂದು ಒಳಗೆ ಪಿಸ್ಟನ್ ಇರುವಂಥದು. ಸಾದಾ ಸಾಮಾನು, ಹಳೆಯದು, ಆದರೆ ಹೊಸ ವಾಶರ್ ಹಾಕಿ ಸಿದ್ಧ ಮಾಡಿಟ್ಟಿದ್ದ. ಕೆಡುವ ಭಾಗಗಳೇ ಅದರಲ್ಲಿ ಕಡಿಮೆ. ಅವತ್ತೇ ಒಯ್ಯಬಹುದಿತ್ತು. ಇನ್ನೊಂದರಲ್ಲಿ ಪಿಸ್ಟನ್ ಬದಲು ರಬ್ಬರಿನ ಪರದೆ. ಎಷ್ಟು ಆಳಕ್ಕೆ ಹೋದರೂ, ಸಿಲಿಂಡರಿನ ಗಾಳಿ ಎಷ್ಟು ಇಳಿದರೂ, ಉಸಿರು ಎಳೆಯಲು ಒಂದೇ ಸಮ ಹಗುರ. ಅಂಥದು ಅವನ ಬಳಿ ಆಗ ಇರಲಿಲ್ಲ, ಬಂದಾಗ ಹೇಳುತ್ತೇನೆ ಎಂದಿದ್ದ. ಆಳ ಕಡಿಮೆಯಾದರೆ ಮೊದಲನೆಯದು ಸಾಕು, ಆಳ ಹೆಚ್ಚಿದ್ದರೆ, ಅದೂ ವಯಸ್ಸಾದವರು ಇಳಿಯುವುದಾದರೆ, ಎರಡನೆಯದಕ್ಕೆ ಕಾಯಿರಿ ಎನ್ನುವುದು ಅವನ ಸಲಹೆ.

ಹಾಗಾಗಿ ಎಲ್ಲವೂ ಒಂದು ಪ್ರಶ್ನೆಯ ಮೇಲೆ ನಿಂತಿತು. ಫೆಬ್ರವರಿಯ ಒಂದು ಭಾನುವಾರ ಕಾಕಾ ನಮ್ಮ ಮನೆಗೆ ಬಂದಿದ್ದಾಗ ಮಾಮಾನ ಫೋನು ಬಂತು. ನಾನು ಪಕ್ಕದಲ್ಲೇ ಪೆನ್ನು ಹಿಡಿದು ನಿಂತಿದ್ದೆ. ಮಾಮಾನ ದನಿ ರಿಸೀವರಿನಿಂದ ಕೋಣೆಗೆಲ್ಲ ಕೇಳುತ್ತಿತ್ತು.

"ಭಾವಾ, ಬಾವಿ ಆಳ ಎಷ್ಟದ?"

"ಹತ್ತಾಳು," ಎಂದ ಕಾಕಾ.

ಆಳು ಎಂದರೆ ಒಬ್ಬ ಮನುಷ್ಯನ ಎತ್ತರ. ಹತ್ತಾಳು ಎಂದರೆ ಹತ್ತು ಜನ ಒಬ್ಬರ ಮೇಲೊಬ್ಬರು ನಿಂತಷ್ಟು. ಅಪ್ಪ ಕುರ್ಚಿಯಿಂದಲೇ ಮನಸ್ಸಿನಲ್ಲಿ ಗುಣಿಸಿ, "ಐವತ್ತು, ಅರವತ್ತು ಫೂಟಿನ ನಡುವ ಅಂತ ಹೇಳು," ಎಂದ. ಆ ಬಾವಿಯಲ್ಲೇ ಈಜು ಕಲಿತವನು ಅಪ್ಪ. ಆದರೂ ಅವನಿಗೆ ಬೇರೇನೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಊರಿಗೆ ಊರೇ ಅದನ್ನು ಹತ್ತಾಳು ಬಾವಿ ಎಂದೇ ಕರೆಯುತ್ತದೆ. ಅದು ಅಳತೆಯಾಗಿ ಉಳಿದಿರಲಿಲ್ಲ, ಹೆಸರಾಗಿತ್ತು.

ಮಾಮಾ ಅತ್ತ ಸಣ್ಣಗೆ ಸಿಳ್ಳೆ ಹಾಕಿದ. "ಅಷ್ಟು ನೀರಾಗ ಸಾದಾದು ಬ್ಯಾಡ ಭಾವಾ. ಗಾಳಿ ಕಮ್ಮಿ ಆದಂಗ ಎಳೀಲಿಕ್ಕಿ ಬಿಗಿ ಆಗ್ತದ. ನಿಮಗ ಮೊದಲೇ ಮೂಗಿನಾಗ ರಕ್ತ ಬಂದದ. ಚಲೋದಕ್ಕೇ ಕಾಯೂಣು."

"ಎಷ್ಟು ದಿನ?"

"ಬರ್ತದ. ಜರಾ ದಮ್ ಹಿಡೀರಿ."

ಕಾಕಾ ಫೋನು ಇಟ್ಟು ನಮ್ಮ ಕಡೆ ತಿರುಗಿದ. "ದಮ್ ಹಿಡಿ ಅಂತಾನ ನೋಡಿರೇನು! ನನಗ ಹೇಳ್ತಾನ!" ಎಂದು ಜೋರಾಗಿ ನಕ್ಕ. ಕಾಕು ನಗಲಿಲ್ಲ. ಆದರೆ ಚಲೋದಕ್ಕೆ ಕಾಯುವುದು ಅವಳಿಗೂ ಸರಿ ಅನಿಸಿತ್ತು. "ಅವಸರ ಏನದ? ಬಾವಿ ಎಲ್ಲಿ ಓಡಿ ಹೋಗ್ತದ," ಎಂದಳು.

ಮಾರ್ಚಿನಲ್ಲಿ ಬರಲಿಲ್ಲ. ಏಪ್ರಿಲ್‌ನಲ್ಲಿ ಒಂದು ಬಂದಿತ್ತಂತೆ, ಪರದೆ ಹರಿದಿತ್ತು. ಮುಂಗಾರು ಶುರುವಾಗುವ ಹೊತ್ತಿಗೆ ಅಂಗಡಿಯವನು ಊರಿಗೆ ಹೋದ. ನಾನು ಪ್ರತಿ ಭಾನುವಾರದ ಫೋನಿನ ಸಾರಾಂಶವನ್ನು ಡೈರಿಯಲ್ಲಿ ಬರೆಯುತ್ತಿದ್ದೆ, ಈಗ ಓದಿದರೆ ಒಂದೇ ವಾಕ್ಯವನ್ನು ಮತ್ತೆ ಮತ್ತೆ ನಕಲು ಮಾಡಿದಂತಿದೆ. ಈ ನಡುವೆ ಕಾಕಾ ನಳಿಗೆಯ ಬಾಯಿತುಂಡಿನ ಚಿತ್ರ ನೋಡಿ, ಅದನ್ನು ಹಲ್ಲಿನಿಂದ ಕಚ್ಚಿ ಹಿಡಿಯಬೇಕು ಎಂದು ತಿಳಿದು, ಎಲೆ ಅಡಿಕೆ ಬಿಟ್ಟ. "ಹಲ್ಲು ಗಟ್ಟಿ ಇರ್ಬೇಕಲ್ಲ," ಎಂದ. ಮೂವತ್ತು ವರ್ಷ ಅಗಿದಿದ್ದನ್ನು ಒಂದೇ ದಿನ ಬಿಟ್ಟ. ಕಾಕುವಿಗೆ ಇದರ ಆಶ್ಚರ್ಯ ಇವತ್ತಿಗೂ ಹೋಗಿಲ್ಲ.

ಮಳೆಯ ವಿಷಯ ಯಾರೂ ಮಾತಾಡಲಿಲ್ಲ. ಆ ವರ್ಷ ಮಳೆ ಸರಿಯಾಗಿ ಬೀಳಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಆದರೆ ಮಳೆ ಮತ್ತು ರೆಗ್ಯುಲೇಟರ್ ನಮ್ಮ ತಲೆಯಲ್ಲಿ ಬೇರೆ ಬೇರೆ ಕೋಣೆಗಳಲ್ಲಿದ್ದವು. ದಸರೆಗೆ ನಾನು ಕಮಲಾಪುರಕ್ಕೆ ಹೋದಾಗ ಬಾವಿಯ ಮೆಟ್ಟಿಲುಗಳು ಹಿಂದಿಗಿಂತ ಹೆಚ್ಚು ಕಾಣುತ್ತಿದ್ದವು. ಅಕ್ಕಪಕ್ಕದ ಎರಡು ತೋಟಗಳಲ್ಲಿ ಹೊಸದಾಗಿ ಬೋರ್ ಕೊರೆಸಿದ್ದರು. ಫುಟ್‌ವಾಲ್ ಕಚ್ಚಿದೆ ಎಂದು ಕಾಕಾನನ್ನು ಕರೆಯಲು ಬರುವವರೂ ಕಡಿಮೆಯಾಗಿದ್ದರು.

"ಬೋರಿನಾಗ ಏನಾರ ಬಿದ್ರ?" ಎಂದು ನಾನು ಕೇಳಿದೆ.

ಕಾಕಾ ಎರಡು ಅಂಗೈಗಳನ್ನು ಒಂದು ಗೇಣು ದೂರ ಹಿಡಿದು ತೋರಿಸಿದ. "ಇಷ್ಟು ಅಗಲ ಇರ್ತದವ್ವಾ ಅದು. ಅದ್ರಾಗ ಬೆಕ್ಕೂ ಇಳೀಲಿಕ್ಕಿಲ್ಲ."

ಫೆಬ್ರವರಿಯಲ್ಲಿ, ಸರಿಯಾಗಿ ಒಂದು ವರ್ಷಕ್ಕೆ, ಅಂಗಡಿಯವನ ಬಳಿ ನಾವು ಬಯಸಿದ ರೆಗ್ಯುಲೇಟರ್ ಬಂತು. ಯುಗಾದಿಗೆ ರಜೆ ಹಾಕಿ ಮಾಮಾ ತಾನೇ ತಂದ. ಕಲಬುರಗಿಯಿಂದ ಮುಂಬೈಗೆ ತೊಗರಿಬೇಳೆ ಒಯ್ದು ಮರಳುತ್ತಿದ್ದ ಲಾರಿಯಲ್ಲಿ ಡ್ರೈವರಿನ ಪಕ್ಕ ಕುಳಿತು, ಕಾಲ ನಡುವೆ ಸಿಲಿಂಡರ್ ಹಿಡಿದುಕೊಂಡು ಬಂದಿದ್ದ. ಸಿಲಿಂಡರಿಗೆ ಅಲ್ಲೇ ಗಾಳಿ ತುಂಬಿಸಿದ್ದ. ನಮ್ಮ ಕಡೆ ಎಲ್ಲೂ ಅದನ್ನು ತುಂಬುವವರಿಲ್ಲವಾದ್ದರಿಂದ ಆ ಗಾಳಿ ಒಂದು ಸಲಕ್ಕೆ ಮಾತ್ರ.

ರೆಗ್ಯುಲೇಟರನ್ನು ಅವನು ಮೆತ್ತನೆಯ ಟವೆಲಿನಲ್ಲಿ ಸುತ್ತಿದ್ದ. ಬಿಚ್ಚಿದಾಗ ಎಲ್ಲರೂ ಬಗ್ಗಿ ನೋಡಿದೆವು. ನಾನು ಒಂದು ವರ್ಷ ಚಿತ್ರದಲ್ಲಿ ನೋಡಿದ್ದ ವಸ್ತು. ಚಿತ್ರಕ್ಕಿಂತ ಭಾರವಾಗಿತ್ತು, ಲೋಹ ತಣ್ಣಗಿತ್ತು. ಕಾಕಾ ಕೈ ತೊಳೆದು ಬಂದು ಆಮೇಲೆ ಮುಟ್ಟಿದ. ಪಡಸಾಲೆಯಲ್ಲೇ ಕೂರಿಸಿ, ಬಾಯಿಗೆ ಕೊಟ್ಟು, ಮಾಮಾ ಅವನಿಗೆ ಕಲಿಸಿದ.

"ಒಂದೇ ಒಂದು ನೇಮ ಭಾವಾ. ದಮ್ ಹಿಡೀಬಾರ್ದು. ಏನೇ ಆಗ್ಲಿ, ಎಳ್ಕೋತ ಬಿಡ್ಕೋತ ಇರ್ಬೇಕು. ಹಿಡದು ಮ್ಯಾಲ ಬಂದ್ರ ಪುಪ್ಪಸ ಒಡೀತದ."

ಕಾಕಾ ಬಾಯಿಂದ ಅದನ್ನು ತೆಗೆದು, "ಒಂದು ವರ್ಷ ಹಿಡಿ ಹಿಡಿ ಅಂದ್ರಿ. ಈಗ ಹಿಡೀಬ್ಯಾಡ ಅಂತೀರಿ," ಎಂದ. ಹಾಗಂದರೂ ಮುಖ ಅರಳಿತ್ತು.

ಮರುದಿನ ಬೆಳಿಗ್ಗೆ ಎಲ್ಲರೂ ತೋಟಕ್ಕೆ ಹೋದೆವು. ಅಪ್ಪ, ಅವ್ವ, ಕಾಕು, ನಾನು ದಂಡೆಯ ಮೇಲೆ ನಿಂತೆವು. ಮಾಮಾ ಸಿಲಿಂಡರ್ ಹೊತ್ತು ಮೊದಲು ಮೆಟ್ಟಿಲಿಳಿದ. ಎಷ್ಟು ಇಳಿದರೂ ಅವನಿಗೆ ನೀರು ಸಿಗಲಿಲ್ಲ. ಕೊನೆಯ ಮೆಟ್ಟಿಲು ಮುಗಿದು, ಅದರಾಚೆ ಕಬ್ಬಿಣದ ಏಣಿ ಹಚ್ಚಿತ್ತು, ಅದನ್ನೂ ಇಳಿದ. ನೀರಿಗೆ ಕಾಲಿಟ್ಟ. ನಿಂತ. ನೀರು ಅವನ ಎದೆಯ ತನಕ ಬಂತು.

ಕೆಳಗಿನಿಂದ ಅವನ ದನಿ ಕಲ್ಲಿಗೆ ಬಡಿದು ಮೇಲೆ ಬಂತು. "ಭಾವಾ, ಹತ್ತಾಳು ಅಂದಿದ್ರಿ! ನೀರೆಲ್ಲ್ಯದ?"

ಅವನ ಹಿಂದೆಯೇ ಇಳಿಯುತ್ತಿದ್ದ ಕಾಕಾ ಮೆಟ್ಟಿಲ ಮೇಲೆ ನಿಂತ. "ಹತ್ತಾಳೇ ಅದಲ್ಲ. ದಂಡಿ ಮ್ಯಾಲಿಂದ ಎಣಿಸು."

"ದಂಡಿ ಮ್ಯಾಲಿಂದ ಯಾಕ ಎಣಿಸ್ಲಿ? ನಾ ಕೇಳಿದ್ದು ನೀರು!"

"ನೀ ಬಾವಿ ಕೇಳ್ದಿ, ನಾ ಬಾವಿ ಹೇಳ್ದೆ," ಎಂದ ಕಾಕಾ. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿಯದವನ ಹಾಗೆ ಹೇಳುತ್ತಿದ್ದ. "ನೀರು ಕೇಳಿದ್ರ ನೀರು ಹೇಳ್ತಿದ್ದೆ. ನೀರು ಒಂದ್ ವರ್ಷ ಇದ್ದಂಗ ಒಂದ್ ವರ್ಷ ಇರ್ತದೇನು? ಬಾವಿ ಅಳತಿ ಅಂದ್ರ ಹಗ್ಗದ ಅಳತಿ."

ಆಮೇಲೆ ಮಾಮಾ ತಗ್ಗಿದ ದನಿಯಲ್ಲಿ ಕೇಳಿದ್ದು ನಮಗೂ ಕೇಳಿಸಿತು. "ಹ್ವಾದ ವರ್ಷ, ನಾ ಫೋನ್ ಮಾಡಿದಾಗ, ನೀರು ಎಷ್ಟಿತ್ತು ಭಾವಾ?"

"ಮೂರೂವರಿ ಆಳು."

ಅದರ ಅರ್ಥ ನನಗೆ ತಿಳಿಯಿತು. ಅಪ್ಪನಿಗೂ ತಿಳಿಯಿತು, ಅವನು ದಂಡೆಯ ಕಲ್ಲನ್ನು ಉಗುರಿನಿಂದ ಕೆರೆಯುತ್ತಿದ್ದ. ಮೂರೂವರೆ ಆಳು ನೀರಿಗೆ ಆ ಸಾದಾ ಪಿಸ್ಟನ್ನಿನದು ಧಾರಾಳ ಸಾಕಾಗುತ್ತಿತ್ತು. ಅದು ಹೋದ ವರ್ಷವೇ ಸಿದ್ಧವಿತ್ತು. ಆಗ ತಂದಿದ್ದರೆ ಕಾಕಾ ಆ ಯುಗಾದಿಗೇ, ತಿಳಿನೀರಿನ ಅಡಿಯಲ್ಲಿ, ಸೆಲೆಯ ಕಣ್ಣಿನ ಮುಂದೆ ಮಂಡಿ ಮಡಚಿ ಕೂರುತ್ತಿದ್ದ. ಯಾರೂ ಸುಳ್ಳು ಹೇಳಿರಲಿಲ್ಲ, ಯಾರೂ ಅಲಕ್ಷ್ಯ ಮಾಡಿರಲಿಲ್ಲ. ಎಲ್ಲರೂ ಅವನ ಜೀವಕ್ಕೆ ಒಳ್ಳೆಯದನ್ನೇ ಆರಿಸಿದ್ದೆವು.

"ಮ್ಯಾಲ ಬರ್ರಿ," ಎಂದು ಕಾಕು ಕೂಗಿದಳು. "ಮಳಿ ಆದಮ್ಯಾಲ ಇಳದ್ರಾತು."

ಕಾಕಾ ಮೇಲೆ ನೋಡಿದ. "ಮುಂಬೈಲಿಂದ ಗಾಳಿ ತಂದಾನ, ವಾಪಸ್ ಕಳಿಸ್ಲೇನು?" ಎಂದು ಏಣಿ ಇಳಿದ.

ಎದೆಮಟ್ಟದ ನೀರಿನಲ್ಲಿ ನಿಂತು ಅವನು ಸಿಲಿಂಡರನ್ನು ಬೆನ್ನಿಗೆ ಕಟ್ಟಿಸಿಕೊಂಡ. ಕಣ್ಣಿಗೆ ಗಾಜಿನ ಮುಖವಾಡ. ಬಾಯಲ್ಲಿ ರೆಗ್ಯುಲೇಟರ್. ರೂಢಿಯಂತೆ ಒಂದು ಕಲ್ಲು ಎತ್ತಿಕೊಂಡ. "ಬರ್ತೀನಿ" ಎನ್ನಲು ಬಾಯಿ ಖಾಲಿ ಇರಲಿಲ್ಲವಾದ್ದರಿಂದ ಕಾಕುವಿನ ಕಡೆ ಕೈ ಎತ್ತಿದ. ಆಮೇಲೆ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು, ಸೆಲೆ ಇದ್ದ ಮೂಡಣ ಮೂಲೆಯಲ್ಲಿ, ಮೆಲ್ಲಗೆ ಕುಳಿತ. ನೀರು ಅವನ ತಲೆಯನ್ನು ಮುಚ್ಚಿತು. ಕೆಸರು ಎದ್ದು, ಮೇಲಿನಿಂದ ನೋಡುವ ನಮಗೆ ಅವನು ಒಂದು ಮಸುಕು ನೆರಳಾದ. ಸಿಲಿಂಡರಿನ ತುದಿ ಮಾತ್ರ ನೀರಿನ ಮೇಲೆ ಒಂದಿಷ್ಟು ಕಾಣುತ್ತಿತ್ತು. ಕೆರೆಯಲ್ಲಿ ಎಮ್ಮೆ ಬೆನ್ನು ಕಾಣುವ ಹಾಗೆ.

ಗುಳ್ಳೆ ಬರಲಿಲ್ಲ.

"ದಮ್ ಹಿಡದಾನ," ಎಂದಳು ಕಾಕು. ಅವಳ ಕೈ ನನ್ನ ತೋಳನ್ನು ಹಿಡಿದಿತ್ತು. ಮಾಮಾ ನೀರೊಳಗೆ ಕೈ ಹಾಕಿ ಅವನ ಭುಜ ತಟ್ಟಿದ. ಮತ್ತೆ ತಟ್ಟಿದ. ಮೂವತ್ತು ವರ್ಷದ ರೂಢಿ. ನೀರು ಮುಖಕ್ಕೆ ತಾಗಿದ ಕೂಡಲೇ ಅವನ ಎದೆ ತಾನೇ ಬೀಗ ಹಾಕಿಕೊಂಡಿತ್ತು. ನನ್ನ ಪಕ್ಕದಲ್ಲಿ ಕಾಕುವಿನದೂ.

ಆಮೇಲೆ ಒಂದು ದೊಡ್ಡ ಗುಳ್ಳೆಗಳ ರಾಶಿ ಬಕಬಕನೆ ಎದ್ದಿತು. ಸ್ವಲ್ಪ ಬಿಟ್ಟು ಇನ್ನೊಂದು. ಹಾಗೇ ಒಂದರ ಹಿಂದೆ ಒಂದು ಬರತೊಡಗಿದವು. ಕಾಕು ನನ್ನ ತೋಳು ಬಿಟ್ಟಳು. ಅವನು ಒಳಗಿದ್ದಾಗ ಅವಳು ಎಲ್ಲರಂತೆ ಉಸಿರಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಎಷ್ಟು ಹೊತ್ತು ಕುಳಿತಿದ್ದನೋ ನಾನು ಗಡಿಯಾರ ನೋಡಲಿಲ್ಲ. ದಂಡೆಯ ಮೇಲೆ ಬಿಸಿಲು ಏರಿತು. ಅವ್ವ ಸೆರಗು ತಲೆಗೆಳೆದುಕೊಂಡಳು. ಬಾಳೆಗೆ ನೀರು ಹಾಯಿಸಲು ಬಂದ ಪಕ್ಕದ ತೋಟದವನೊಬ್ಬ ಬಗ್ಗಿ ನೋಡಿ, "ಏನ್ ಬಿದ್ದದ್ರಿ?" ಎಂದು ಕೇಳಿದ. "ಏನೂ ಬಿದ್ದಿಲ್ರಿ," ಎಂದ ಅಪ್ಪ.

ಕಾಕಾ ಎದ್ದು ನಿಂತಾಗ ಮೀಸೆಯಿಂದ ಕೆಸರು ನೀರು ಇಳಿಯುತ್ತಿತ್ತು. ಮಾಮಾ ಗಾಳಿಯ ಮಾಪಕ ನೋಡಿ, "ಇನ್ನೂ ಅರ್ಧದ ಮ್ಯಾಲ ಅದ ಭಾವಾ. ಬೇಕಾದ್ರ ಇನ್ನಷ್ಟು ಕೂಡ್ರಿ," ಎಂದ.

"ಸಾಕು."

ಮೇಲೆ ಬಂದು ಅವನು ದಂಡೆಯ ಮೇಲೆ, ನಮ್ಮ ನಡುವೆ ಕುಳಿತ. ಕಾಕು ಟವೆಲು ಕೊಟ್ಟಳು. ಮುಖ ಒರೆಸಿಕೊಂಡು ಹೇಳಿದ.

"ಮುಂಬೈ ಗಾಳಿ ಉಪ್ಪು ಇರ್ತದಂತ ತಿಳಿದಿದ್ದೆ. ಇಲ್ಲ."

ನಾವು ನಕ್ಕೆವು. ಅವನೂ ನಕ್ಕ. ಆಮೇಲೆ ಟವೆಲಿನಿಂದ ಕಿವಿ ಒರೆಸಿಕೊಳ್ಳುತ್ತ, ಕಾಕುವಿಗೆ ಮಾತ್ರ ಎಂಬಂತೆ ಹೇಳಿದ.

"ಸೀಳಿನಾಗ ಕೈ ಇಟ್ಟೆ. ತಂಪು ಇಲ್ಲ. ಸೆಲಿ ನಿಂತದ." ಟವೆಲನ್ನು ಹೆಗಲಿಗೆ ಹಾಕಿಕೊಂಡ. "ಗುಳ್ಳಿ ಬಂದ್ವು, ಖರೇ. ಕಣ್ಣ ಮುಂದೇ ಬಂದ್ವು. ಮೊದಲ ಸೆಲೀವು ಅಂತ ತಿಳದೆ. ಆಮ್ಯಾಲ ನೋಡ್ತೀನಿ, ನನ್ನವೇ."

ಇದಾಗಿ ಮೂರು ವರ್ಷವಾಯಿತು. ಆಮೇಲಿನ ಮಳೆಗಾಲಗಳಲ್ಲಿ ಬಾವಿಗೆ ಮೇಲಿನ ನೀರು ಬಂದು ನಿಂತಿದೆ, ಕೆಲವು ಸಲ ಎರಡಾಳು ಕೂಡ. ಅದು ಮಳೆಯ ನೀರು, ಸೆಲೆಯದಲ್ಲ ಎಂದು ಕಾಕಾ ದಂಡೆಯಿಂದಲೇ ಬಣ್ಣ ನೋಡಿ ಹೇಳುತ್ತಾನೆ. ಇಳಿದಿಲ್ಲ. ಎಲೆ ಅಡಿಕೆ ಮತ್ತೆ ಶುರು ಮಾಡಿದ್ದಾನೆ.

ರೆಗ್ಯುಲೇಟರ್ ಅದೇ ಟವೆಲಿನಲ್ಲಿ ಕಾಕುವಿನ ಪೆಟ್ಟಿಗೆಯಲ್ಲಿದೆ. ಸಿಲಿಂಡರ್ ಬಾಳೆ ಹಣ್ಣು ಮಾಡುವ ಕೋಣೆಯ ಮೂಲೆಯಲ್ಲಿ ನಿಂತಿದೆ. ಹೋದ ತಿಂಗಳು ನಾನು ಹೋದಾಗ ಮಾರುವುದಿಲ್ಲವೇ ಎಂದು ಕೇಳಿದೆ. ಮಾಮಾ ಕೂಡ ಎರಡು ಸಲ ಕೇಳಿದ್ದಾನೆ, ಅಂಗಡಿಯವನು ತಿರುಗಿ ತೆಗೆದುಕೊಳ್ಳುತ್ತಾನಂತೆ.

ಕಾಕು ಹಣ್ಣಿನ ಗೊನೆಯ ಮೇಲೆ ಗೋಣಿತಟ್ಟು ಹೊದಿಸುತ್ತಿದ್ದಳು. ತಿರುಗಿ ನೋಡದೆ ಹೇಳಿದಳು.

"ಇರ್ಲಿ ಬಿಡವ್ವಾ. ಇನ್ನೂ ಅರ್ಧ ದಮ್ ಅದ ಅದ್ರಾಗ."